ಎರಡನೇ ರೂಮಿನ ಮರಳು

ಮಾಜಾಳಿಯ ನಾಗಿಯ ಮನೆಗೆ ಹಿಂದಿನ ಅಂಗಳದಿಂದ ಹೋದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಕರಟಗಳು. ಬಾವಿಯ ಪಕ್ಕದ ಗಿಡ್ಡ ಗೋಡೆಯ ಮೇಲೆ ಸಾಲಾಗಿ ಕೂರಿಸಿದ ತೆಂಗಿನ ಕರಟಗಳು. ಒಂದೊಂದರಲ್ಲೂ ಒಂದು ಹಿಡಿ ಮರಳು, ಒಂದೆರಡು ತಲೆಗೂದಲು, ಬಿಸ್ಕೀಟಿನ ಪುಡಿ, ಬಸ್ಸಿನ ಟಿಕೀಟಿನ ಚೂರು. ತಿಳಿಯದವರು ನೋಡಿದರೆ ಮಾಟ ಮಾಡಿಟ್ಟಿದ್ದಾರೆಂದು ಹೆದರಬೇಕು. ಮಾಟವೂ ಅಲ್ಲ, ಏನೂ ಅಲ್ಲ. ಅದು ಕಸ. ಆದರೆ ಆ ಕಸದ ಹಿಂದೆ ಒಂದು ನೇಮವಿತ್ತು, ಆ ನೇಮ ಒಂದೇ ಒಂದು ಸಲ ತಪ್ಪಿತು. ಕತೆ ಅಲ್ಲಿಂದಲೇ ಶುರು.

ನಾಗಿ ಹುಟ್ಟಿದ್ದು ಅಂಕೋಲೆಯ ಕೇಣಿಯಲ್ಲಿ, ಮೀನುಗಾರರ ಮನೆಯಲ್ಲಿ. ಮದುವೆಯಾಗಿ ಮಾಜಾಳಿಗೆ ಬಂದಾಗ ಅತ್ತೆ ಸೋಮಿ ಹೇಳಿಕೊಟ್ಟ ಮೊದಲ ಮಾತು, ಮನೆಯಿಂದ ಯಾರಾದರೂ ದೂರಕ್ಕೆ ಹೊರಟರೆ ಅವರು ಮುಟ್ಟುವ ಜಾಗ ಮುಟ್ಟುವ ತನಕ ಕಸಬರಿಗೆ ಹಿಡಿಯಬಾರದು ಎಂದು. ಗಂಡಸರು ದೋಣಿ ಇಳಿಸಿದರೆ ಅವರು ತಿರುಗಿ ದಡ ಹತ್ತುವ ತನಕ ಸೋಮಿಯ ಮನೆಯಲ್ಲಿ ಕಸ ಹಾಗೇ ಬಿದ್ದಿರುತ್ತಿತ್ತು.

"ಹೆಣ ಹೊರಟ ಮನೆಯಲ್ಲಿ ಬೆನ್ನಿಗೇ ಗುಡಿಸೂದು, ನಾಗೀ. ಜೀವ ಇದ್ದವರ ಬೆನ್ನಿಗೆ ಗುಡಿಸಿದ್ರೆ ಅವರ ಹೆಜ್ಜೆ ಅಳಿಸ್ತದೆ. ಆಮೇಲೆ ಅವರಿಗೆ ದಾರಿ ಸಿಗೂದಿಲ್ಲ" ಎನ್ನುತ್ತಿದ್ದಳು ಸೋಮಿ. ಅತ್ತೆ ತೀರಿಹೋದರೂ ಆ ಮಾತು ಮನೆಯಲ್ಲೇ ಉಳಿಯಿತು.

ನಾಗಿಯ ಗಂಡ ದೇವಿದಾಸ ಹತ್ತು ವರ್ಷ ಗಡಿಯಾಚೆ ಕಾಣಕೋಣದ ಹೊಟೇಲೊಂದರಲ್ಲಿ ಅಡುಗೆಗಿದ್ದವನು. ದಿನಾ ಬಸ್ಸಿನಲ್ಲಿ ಗೋವೆಗೆ ಹೋಗಿ ಬಂದು ಸಾಕಾಗಿ, ಎರಡು ಸಾವಿರದ ಒಂದರ ಮಳೆ ಮುಗಿದ ಮೇಲೆ, ಮನೆಯ ಕಡಲ ಬದಿಗೆ ಮೂರು ರೂಮು ಕಟ್ಟಿಸಿದ. ದೋಣಿಗೆ ಬಳಿದು ಉಳಿದ ನೀಲಿ ಬಣ್ಣದಲ್ಲಿ ಬಾಗಿಲುಗಳ ಮೇಲೆ ಒಂದು, ಎರಡು, ಮೂರು ಎಂದು ತಾನೇ ಬರೆದ. ಪ್ರವಾಸಿಗರಿಗೆ ಮಲಗಲು ಹಾಸಿಗೆ, ಬೆಳಿಗ್ಗೆ ಚಹಾ ತಿಂಡಿ. ಮೀನೂಟ ಬೇಕಾದರೆ ಹಿಂದಿನ ದಿನವೇ ಹೇಳಬೇಕು. ಮಗಳು ಪ್ರಗತಿ ದಪ್ಪ ನೋಟುಬುಕ್ಕಿನಲ್ಲಿ ಬಂದವರ ಹೆಸರು, ಊರು, ಫೋನ್ ನಂಬರು ಬರೆದುಕೊಳ್ಳುತ್ತಿದ್ದಳು.

ದೀಪಾವಳಿಗೆ ಶುರುವಾದ ಸೀಸನ್ನು ಮೇ ಕೊನೆಯ ತನಕ ಬಿಡುತ್ತಿರಲಿಲ್ಲ. ಡಿಸೆಂಬರಿನ ಕೊನೆಯ ವಾರವಂತೂ ಗೋವೆಯಲ್ಲಿ ಜಾಗ ಸಿಗದವರೆಲ್ಲ ಇತ್ತಲೇ ಹರಿದು ಬರುತ್ತಿದ್ದರು. ಒಂದು ಪಾರ್ಟಿ ಬ್ಯಾಗು ಹೆಗಲಿಗೇರಿಸುವಾಗ ಇನ್ನೊಂದು ಪಾರ್ಟಿ ಅಂಗಳದಲ್ಲಿ ಚಪ್ಪಲಿ ಬಿಡುತ್ತಿರುತ್ತಿತ್ತು. ಗುಡಿಸದೆ ರೂಮು ಕೊಡುವುದು ಹೇಗೆ? ಗುಡಿಸಿದರೆ ಹೋದವರ ಗತಿ?

ನಾಗಿ ತಲೆ ಓಡಿಸಿ ಹಿಡಿದ ಉಪಾಯವೇ ಆ ಕರಟಗಳು. ಹೊಸಿಲಿನಿಂದ ಒಳಮುಖವಾಗಿ ಗುಡಿಸಿ, ಕಸವನ್ನು ಹೊಸಿಲು ದಾಟಿಸದೆ, ಕರಟಕ್ಕೆ ತುಂಬಿ, ಒಳಬಾಗಿಲಿನಿಂದಲೇ ಹಿತ್ತಿಲ ಗೋಡೆಗೆ ಒಯ್ದು ಇಡುವುದು. ಹೋದವರು ಊರು ಮುಟ್ಟಿದ ಸುದ್ದಿ ಬಂದ ಮೇಲೆ ಕರಟ ಬರಿದು ಮಾಡುವುದು. ಗುಡಿಸಿದ್ದು ಹೌದು, ಹೆಜ್ಜೆ ಚೆಲ್ಲಲಿಲ್ಲ. ಅತ್ತೆಯೂ ಬಾಯಿ ಮುಚ್ಚಿಕೊಳ್ಳಬೇಕು, ಪಾರ್ಟಿಯೂ.

ಹೊರಟವರಿಗೆಲ್ಲ ನಾಗಿ ಹೇಳುತ್ತಿದ್ದದ್ದು ಒಂದೇ ಮಾತು: "ಊರು ಮುಟ್ಟಿದ ಕೂಡ್ಲೆ ಒಂದು ಫೋನ್ ಮಾಡಿ ಹಾಂ." ಅವರು ಅದನ್ನು ಪ್ರೀತಿ ಎಂದುಕೊಂಡು ಖುಷಿಪಡುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಮರೆತವರಿಗೆ ನಾಗಿಯೇ ನೋಟುಬುಕ್ಕು ಹಿಡಿದು ಫೋನು ತಿರುಗಿಸುವಳು.

"ಬಸ್ಸಿನ ಡ್ರೈವರಿಗೂ ಇಷ್ಟು ಚಿಂತೆ ಇರೂದಿಲ್ಲ ಮಾರಾಯ್ತಿ" ಎಂದು ದೇವಿದಾಸ ನಗುತ್ತಿದ್ದ.

"ಡ್ರೈವರಿಗೆ ಎಂತಕ್ಕೆ ಚಿಂತೆ? ಅವ ಕಸ ಗುಡಿಸ್ತಾನಾ?"

ಜೂನ್ ಬಂತೆಂದರೆ ಕಡಲು ಅಂಗಳದ ತನಕ ಕೂಗುತ್ತದೆ, ರೂಮುಗಳಿಗೆ ಬೀಗ. ಆಗ ಗಂಡ ಹೆಂಡತಿ ಊರು ತಿರುಗಲು ಹೊರಡುತ್ತಿದ್ದರು. ಹೋಗುವಾಗ ಅತಿಥಿಗಳೆಲ್ಲ "ನಮ್ಮೂರಿಗೂ ಬನ್ನಿ" ಎಂದು ಬಾಯಿಮಾತಿಗೆ ಹೇಳುತ್ತಾರಲ್ಲ, ನಾಗಿ ಅದನ್ನು ನಿಜವೆಂದೇ ತಿಳಿದವಳು. ಒಣಸಿಗಡಿಯ ಗಂಟು, ಸಾರಿನ ಹುಳಿಗೆ ಹಾಕುವ ಮುರುಗಲ ಸಿಪ್ಪೆಯ ಡಬ್ಬಿ ಹಿಡಿದು ಬೆಳಗಾವಿ, ಕೊಲ್ಲಾಪುರ, ಧಾರವಾಡದ ಬಾಗಿಲುಗಳನ್ನು ಬಡಿದಳು. ಬೆಳಗಾವಿಯಲ್ಲಿ ಒಬ್ಬರು ಬಾಗಿಲು ತೆರೆದು, "ಮೀನು ಬ್ಯಾಡ್ರಿ" ಎಂದು ಮತ್ತೆ ಹಾಕಿಕೊಂಡಿದ್ದರು. ಗುರುತು ಸಿಕ್ಕ ಮೇಲೆ ಎರಡು ದಿನ ಬಿಡಲಿಲ್ಲ, ಅದು ಬೇರೆ. ದೇವಿದಾಸ ಹೋದ ಮನೆಗಳಲ್ಲೆಲ್ಲ ಹಾಸಿಗೆ ಒತ್ತಿ ನೋಡುವನು. ನಾಗಿ ಮಾತ್ರ ಹೊರಟು ಬೀದಿಗಿಳಿದ ಮೇಲೆ ಒಮ್ಮೆ ತಿರುಗಿ ನೋಡುವಳು, ತಮ್ಮ ಬೆನ್ನ ಹಿಂದೆ ಯಾರಾದರೂ ಕಸಬರಿಗೆ ಹಿಡಿದರೋ ಎಂದು.

ಎರಡು ಸಾವಿರದ ಆರರ ಡಿಸೆಂಬರ್ ಇಪ್ಪತ್ತೆಂಟಕ್ಕೆ ಲಕ್ಷ್ಮೇಶ್ವರದಿಂದ ಒಬ್ಬರು ಬಂದರು. ಅರವತ್ತೈದರ ಆಸುಪಾಸು, ಬಿಳಿ ಟೋಪಿ, ಕೈಯಲ್ಲಿ ಒಂದೇ ಚೀಲ. ಹೆಸರು ಫಕೀರಪ್ಪ, ಬಸ್ ಕಂಡಕ್ಟರಾಗಿ ರಿಟೈರ್ ಆದವರು. ಪ್ರಗತಿಗೆ ಎರಡು ಹೆಸರು ಬರೆಯಲು ಹೇಳಿದರು. ಫಕೀರಪ್ಪ, ದ್ಯಾಮವ್ವ.

"ಅಕ್ಕ ಎಲ್ಲಿ ಅಣ್ಣಾ?" ಎಂದಳು ನಾಗಿ.

"ಹಿಂದ ಬರಾಕತ್ತಾಳ."

ಸಂಜೆಯಾಯಿತು, ಯಾರೂ ಬರಲಿಲ್ಲ. ಊಟಕ್ಕೆ ಕೂತಾಗ ಎರಡು ತಾಟು ಕೇಳಿದರು. ನಾಗಿ ತಾಟು ಹಿಡಿದು ನಿಂತಲ್ಲೇ ನಿಂತಳು. ಫಕೀರಪ್ಪ ಮುಚ್ಚಿಡಲಿಲ್ಲ.

"ಆಕಿ ಹೋಗಿ ಹನ್ನೊಂದು ತಿಂಗಳಾತು ತಂಗೆವ್ವ. ಸಮುದ್ರ ತೋರಸ್ತೀನಿ ಅಂತ ಮದುವಿ ಆದಾಗಿಂದ ಹೇಳ್ಕೋತ ಬಂದೆ. ಕಾರವಾರ ರೂಟಿನ್ಯಾಗ ಎಷ್ಟು ಸರ್ತಿ ಬಂದೇನೋ, ಆಕೀನ್ನ ಒಂದು ಸರ್ತಿ ಕರಕೊಂಡು ಬರಲಿಲ್ಲ. ಈಗ ಬಂದೀವಿ. ನನಗ ಹುಚ್ಚು ಅಂದ್ಕೋಬ್ಯಾಡ."

ನಾಗಿ ಎರಡನೇ ತಾಟು ಇಟ್ಟು ಅದಕ್ಕೂ ಅನ್ನ ಬಡಿಸಿದಳು. ಮಾರನೆಯ ದಿನದಿಂದ ಅವರು ಕೇಳುವ ಮೊದಲೇ ಎರಡು ಕಪ್ ಚಹಾ ಒಯ್ದಳು.

ದಂಡೆಗೆ ಹೋಗುವಾಗ ಫಕೀರಪ್ಪ ದಾರಿಯ ನಡುವೆ ನಡೆಯುತ್ತಿರಲಿಲ್ಲ, ಒಂದು ಬದಿಗೆ ಸರಿದು ಇನ್ನೊಬ್ಬರಿಗೆ ಜಾಗ ಬಿಟ್ಟು ನಡೆಯುವರು. ಹಾಸಿಗೆಯಲ್ಲಿ ಗೋಡೆ ಬದಿಯ ಅರ್ಧ ಹಾಗೇ ಇರುತ್ತಿತ್ತು, ಹೊದಿಕೆಗೆ ಒಂದು ಸುಕ್ಕಿಲ್ಲ. ರೂಮಿನಿಂದ ಹೊರಟಾಗಲೆಲ್ಲ ಮೆಟ್ಟಿಲ ಮೇಲೆ ನಿಂತು, ತಿರುಗಿ, "ಹತ್ತಿದೇನು?" ಎಂದು ಕೇಳುವರು. ಒಂದು ಗಳಿಗೆ ಕಾದು "ರೈಟ್" ಎಂದು ಮುಂದೆ ಹೆಜ್ಜೆ ಇಡುವರು. ಬಸ್ಸಿನಲ್ಲಿ ಮೂವತ್ತೊಂದು ವರ್ಷ ಹೇಳಿದ ಮಾತು.

ದೇವಿದಾಸ ಮೊದಲ ದಿನ ನಕ್ಕ. ಎರಡನೇ ದಿನ, ಅವರು ಹೋಗುವ ದಾರಿಯಿಂದ ತಾನೂ ಸ್ವಲ್ಪ ಹೆಚ್ಚೇ ಸರಿದು ನಿಂತ.

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಹತ್ತಕ್ಕೆ ಫಕೀರಪ್ಪ ಹೊರಡುವುದು, ಮಧ್ಯಾಹ್ನ ಎರಡಕ್ಕೆ ಬೇರೆ ಪಾರ್ಟಿ ಬರುವುದು ಎಂದು ಮಾತಾಗಿತ್ತು. ಪಾರ್ಟಿ ಒಂಬತ್ತೂವರೆಗೇ ಬಂತು. ವ್ಯಾನು ತುಂಬ ಒಂಬತ್ತು ಜನ, ಇಬ್ಬರು ಮಕ್ಕಳಿಗೆ ವಾಂತಿ. ಹೆಂಗಸೊಬ್ಬಳು ಬಾಗಿಲಿಗೇ ಬಂದು "ಬೇಗ ಮಾಡಿ ಬಾಯಿ, ಮಗುವನ್ನು ಮಲಗಿಸಬೇಕು" ಎಂದಳು. ಡ್ರೈವರ್ ವ್ಯಾನು ಹಿಂದಕ್ಕೆ ತೆಗೆಯುತ್ತ ಹಾರ್ನು ಒತ್ತಿಯೇ ಹಿಡಿದ. ಫಕೀರಪ್ಪ ಗಡಿಬಿಡಿಯಲ್ಲಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು.

ನಾಗಿ ಅಷ್ಟರಲ್ಲಿ ಒಳಗಿದ್ದಳು. ಆ ದಿನ ಆಕೆಯ ಕೈಗೆ ಏನಾಗಿತ್ತೋ. ಕರಟ ನೆನಪಾಗಲಿಲ್ಲ, ಒಳಮುಖ ಹೊರಮುಖ ಎಂಬುದೂ ನೆನಪಾಗಲಿಲ್ಲ. ಗೋಡೆಯಿಂದ ಬಾಗಿಲಿಗೆ ಸರಸರ ಗುಡಿಸಿ, ಮರಳನ್ನೆಲ್ಲ ಹೊಸಿಲು ದಾಟಿಸಿ, ಮೆಟ್ಟಿಲ ಮೇಲಿಂದ ಅಂಗಳಕ್ಕೆ ತಳ್ಳಿಬಿಟ್ಟಳು. ತಲೆ ಎತ್ತಿದಾಗ ಫಕೀರಪ್ಪ ಕೆಳಗಿನ ಮೆಟ್ಟಿಲಿನಲ್ಲಿ ತಿರುಗಿ ನಿಂತಿದ್ದರು. ಕೇಳಲೆಂದು ತೆರೆದ ಬಾಯಿ ಹಾಗೇ ಇತ್ತು. ಕಸಬರಿಗೆಯನ್ನು ನೋಡಿದರು. ವ್ಯಾನು ನಡುವೆ ಬಂತು. ವ್ಯಾನು ಸರಿದಾಗ ಅವರು ಟೆಂಪೋ ಹತ್ತಿ ಆಗಿತ್ತು.

"ರೈಟ್" ಎಂಬ ಮಾತು ನಾಗಿಯ ಕಿವಿಗೆ ಬೀಳಲೇ ಇಲ್ಲ.

ಸಂಜೆಗೆ ಫೋನು ಬರಲಿಲ್ಲ. ಮಾರನೆಯ ದಿನ ನಾಗಿಯೇ ಮಾಡಿದಳು. ನೋಟುಬುಕ್ಕಿನಲ್ಲಿದ್ದದ್ದು ಅವರ ಪಕ್ಕದ ಅಂಗಡಿಯ ನಂಬರು. ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಹೆಣ್ಣುದನಿಯೊಂದು ಹೇಳಿತು. ವಾರವಿಡೀ ಅದೇ ದನಿ, ಅದೇ ಮಾತು. ಆ ಸೀಸನ್ನಿನಲ್ಲಿ ಹೋದವರೆಲ್ಲ ಊರು ಮುಟ್ಟಿದರು, ಕರಟಗಳೆಲ್ಲ ಬರಿದಾದವು. ಫಕೀರಪ್ಪನವರಿಗೆ ಮಾತ್ರ ಕರಟವೇ ಇರಲಿಲ್ಲ.

ಆಮೇಲೆ ನಾಗಿ ಹಾಸಿಗೆ ನೋಡತೊಡಗಿದಳು. ಎರಡನೇ ರೂಮಿನಲ್ಲಿ ಯಾರೇ ಮಲಗಲಿ, ಗಂಡ ಹೆಂಡತಿಯೇ ಆಗಲಿ, ಬೆಳಿಗ್ಗೆ ಗೋಡೆ ಬದಿಯ ಅರ್ಧಕ್ಕೆ ಸುಕ್ಕು ಬಿದ್ದಿರುತ್ತಿರಲಿಲ್ಲ. ಇಬ್ಬರೂ ಒಂದೇ ಬದಿಗೆ ಒತ್ತಿಕೊಂಡು ಮಲಗಿದ ಗುರುತು. "ಹಾಸಿಗೆ ಸರಿ ಆಗ್ಲಿಲ್ವಾ?" ಎಂದು ನಾಗಿ ಹೊಸ ಮದುಮಗಳೊಬ್ಬಳನ್ನು ಕೇಳಿದಳು. "ಸರಿ ಇತ್ತು, ಒಳ್ಳೇ ನಿದ್ದೆ ಬಂತು" ಎಂದ ಹುಡುಗಿ, ಸ್ವಲ್ಪ ಯೋಚಿಸಿ, "ಆದ್ರೆ ಯಾಕೋ ಜಾಗ ಬಿಡಬೇಕು ಅನ್ನಿಸ್ತು" ಎಂದಳು.

ಜೂನಿನಲ್ಲಿ ಬೀಗ ಬಿದ್ದಿತು. ಜನವಿದ್ದಾಗ ಮರಳು ಯಾರದೆಂದು ಯಾರು ಕೇಳುತ್ತಾರೆ? ಕಡಲ ದಂಡೆಯ ಮನೆ, ಎಲ್ಲರ ಕಾಲಲ್ಲೂ ಮರಳು. ಈಗ ಜನವಿಲ್ಲ. ಗಾಳಿಯಾಡಲೆಂದು ಬೆಳಿಗ್ಗೆ ಬಾಗಿಲು ತೆಗೆದರೆ, ಒಂದನೇ ರೂಮು ಚೊಕ್ಕ, ಮೂರನೇ ರೂಮು ಚೊಕ್ಕ. ಎರಡನೆಯದರಲ್ಲಿ ಕಿಟಕಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಬಾಗಿಲಿಗೆ ಒದ್ದೆ ಮರಳಿನ ಸಣ್ಣ ಜಾಡು. ಹೊಸಿಲಿನ ತನಕ ಬಂದು, ಅಲ್ಲಿ ಒಂದಿಷ್ಟು ಹೆಚ್ಚೇ ಉದುರಿ, ತಿರುಗಿ ಹಾಸಿಗೆಗೆ ಹೋಗಿರುತ್ತಿತ್ತು.

"ಏಡಿ ಬಂದಿರ್ಬೇಕು" ಎಂದ ದೇವಿದಾಸ.

"ಏಡಿ ಹೊಸಿಲ ಹತ್ರ ನಿಂತು ದಾರಿ ನೋಡ್ತದಾ?"

"ಹಂಚಿನ ಸಂದಿಂದ ಗಾಳಿ."

"ಗಾಳಿಗೆ ಎರಡನೇ ನಂಬರು ಓದೂಕೆ ಬರ್ತದಾ?"

ಆ ದಿನದಿಂದ ದೇವಿದಾಸ ಆ ಬಾಗಿಲ ಮುಂದೆ ಬೀಡಿ ಸೇದುವುದು ಬಿಟ್ಟ. ನಾಗಿ ಆ ಮರಳನ್ನು ದಿನಾ ಒಳಮುಖವಾಗಿ ಗುಡಿಸಿ ಒಂದೇ ಕರಟಕ್ಕೆ ತುಂಬುತ್ತ ಹೋದಳು. ಕರಟ ತುಂಬಿತು, ಇನ್ನೊಂದು ಇಟ್ಟಳು.

ಕೇಣಿಯಲ್ಲಿ ನಾಗಿಯ ಅಕ್ಕ ಮಾದಿ ಇದ್ದಳು. ಅಂಕೋಲೆಗೆ ಹೋಗಿ ಅಕ್ಕನ ಮುಂದೆ ಎಲ್ಲ ಹೇಳಿಕೊಂಡಳು. ಮಾದಿ ಮೀನು ಹೆಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಿಂಗೆ ಹೆದರಿಕೆ ಯಾರದ್ದು? ಹೋದವಳದ್ದಾ, ಇದ್ದವನದ್ದಾ?"

"ಇದ್ದವರದ್ದು. ಜೀವ ಇರೋ ಮನುಷ್ಯನ ಬೆನ್ನಿಗೆ ಗುಡಿಸಿದೆ ಅಕ್ಕಾ. ಅವರು ಮನೆ ಮುಟ್ಟದೆ ಇದ್ರೆ ನಾನು ಆ ಕೈಯಲ್ಲಿ ಹೇಗೆ ಉಣ್ಲಿ?"

"ಹಾಗಾದ್ರೆ ಹೋಗಿ ನೋಡು. ಗುಡಿಸಿದವಳೇ ಹೋಗ್ಬೇಕು. ಫೋನಿಗೆ ಸಿಗೂ ಕೆಲಸ ಅಲ್ಲ ಇದು."

ಜುಲೈ ತಿಂಗಳ ಒಂದು ಬೆಳಿಗ್ಗೆ ಗಂಡ ಹೆಂಡತಿ ಅಂಕೋಲೆಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದರು. ಅರಬೈಲು ಘಟ್ಟದಲ್ಲಿ ಮಳೆ ಗಾಜಿಗೆ ಬಡಿಯುತ್ತಿತ್ತು. ನಾಗಿ ಒಣಸಿಗಡಿ ತಂದಿರಲಿಲ್ಲ, ಮರಳಿನ ಒಂದು ಕರಟವನ್ನು ಬಟ್ಟೆಯಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಂಡಕ್ಟರ್ "ರೈಟ್" ಎಂದಾಗಲೆಲ್ಲ ಅವಳ ಕೈ ಗಂಟಿನ ಮೇಲೆ ಬಿಗಿಯಾಗುತ್ತಿತ್ತು. ದೇವಿದಾಸ ಮೂವರು ಕೂರುವ ಸೀಟಿನಲ್ಲಿ ತುದಿಗೆ ಸರಿದು, ನಡುವೆ ಜಾಗ ಬಿಟ್ಟು ಕೂತಿದ್ದ. ಏಕೆಂದು ನಾಗಿಯೂ ಕೇಳಲಿಲ್ಲ.

ಲಕ್ಷ್ಮೇಶ್ವರದಲ್ಲಿ ಮಳೆಯ ಸುಳಿವಿರಲಿಲ್ಲ. ಕಂಡಕ್ಟರ್ ಫಕೀರಪ್ಪ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೋ ಮನೆಯ ತನಕ ಬಂದು ಬಿಟ್ಟರು. ಮಗಳು ಅಳಿಯ ಮೊಮ್ಮಕ್ಕಳಿದ್ದ ತುಂಬಿದ ಮನೆ. ಪಡಸಾಲೆಯ ಮಂಚದ ಮೇಲೆ, ಊದಿಕೊಂಡ ಮೊಣಕಾಲಿಗೆ ಬಟ್ಟೆ ಸುತ್ತಿ ಫಕೀರಪ್ಪ ಕೂತಿದ್ದರು.

ಜೀವಂತ ಇದ್ದರು. ಆರು ತಿಂಗಳು ನಾಗಿಯ ಎದೆಯ ಮೇಲೆ ಕೂತದ್ದು ಇಳಿಯುತ್ತಿದೆ ಎನ್ನುವಷ್ಟರಲ್ಲಿ ಅವರು ಬಾಯಿ ತೆರೆದರು.

"ಬಾ ತಂಗೆವ್ವ. ಆಕಿ ಅರಾಮ ಅದಾಳೇನು?"

ಮಗಳು ಮುಖ ತಿರುಗಿಸಿ ಒಳಗೆ ಹೋದಳು. ನಾಗಿ ಮಂಚದ ಬಳಿ ನೆಲದ ಮೇಲೆ ಕೂತಳು.

"ಅಕ್ಕ ಗೋಡೆ ಬದಿ ಮಲಗ್ತಿದ್ರಾ ಅಣ್ಣಾ?"

"ಯಾವಾಗಲೂ ಗ್ವಾಡಿ ಕಡೆನಽ."

"ಹಾಗಾದ್ರೆ ಅಲ್ಲೇ ಇದ್ದಾರೆ."

ಫಕೀರಪ್ಪ ತಲೆಯಾಡಿಸಿದರು, ಗೊತ್ತಿದ್ದದ್ದನ್ನೇ ಕೇಳಿದವರಂತೆ. "ಹುಬ್ಬಳ್ಳಿ ಬಸ್ಸಿನ್ಯಾಗ ಕುಂತೆ. ಬಾಜೂ ಸೀಟಿಗೂ ಟಿಕೀಟು ತಗಸಿದೆ. ಘಟ್ಟ ಹತ್ತೂತನಕ ಗೊತ್ತಾಗಲಿಲ್ಲ. ಆಮ್ಯಾಲೆ ಗೊತ್ತಾತು, ಸೀಟು ಖಾಲಿ ಅದ. ಮೂವತ್ತೊಂದು ವರ್ಷ ಒಬ್ಬ ಪ್ಯಾಸೆಂಜರ್‌ನ ಬಿಟ್ಟು ಗಾಡಿ ಎಬ್ಬಿಸಿಲ್ಲ ನಾನು. ಆಕೀನ್ನ ಬಿಟ್ಟು ಬಂದೆ."

"ತಪ್ಪು ನಂದು. ಅಕ್ಕ ಇನ್ನೂ ಒಳಗಿದ್ರು, ನಾನು ಹೆಜ್ಜೆ ಎಲ್ಲ ಹೊರಗೆ ತಳ್ಳಿದೆ. ಹೊಸಿಲ ತನಕ ಬರ್ತಾರೆ ಅಣ್ಣಾ. ಅಲ್ಲಿಂದ ಆಚೆ ದಾರಿ ಕಾಣೂದಿಲ್ಲ ಅವರಿಗೆ."

ಬಟ್ಟೆ ಬಿಚ್ಚಿ ಕರಟ ಮುಂದಿಟ್ಟಳು. ಫಕೀರಪ್ಪ ಎರಡು ಬೆರಳಲ್ಲಿ ಮರಳು ತೆಗೆದು ಮೂಸಿ ನೋಡಿದರು. ಆಮೇಲೆ ಬಟ್ಟೆಯನ್ನು ತಾವೇ ಮತ್ತೆ ಕಟ್ಟಿದರು.

"ಇದನ್ನ ತಿರುಗಿ ಒಯ್ಯಿ. ಇಲ್ಲಿಟ್ರ ಆಕಿ ಬರಾಂಗಿಲ್ಲ, ಬಿಟ್ಟು ಬಂದಾವನಽ ಹೋಗಿ ಕರೀಬೇಕು. ಕಾಲಿನ ಬಾವು ಇಳದ ಮ್ಯಾಲೆ, ದಸರಾ ಮುಗದು ಸೀಗಿ ಹುಣ್ಣಿವಿಗೆ ಬರ್ತೀನಿ. ಅಲ್ಲೀತನಕ ಆ ಖೋಲಿ ಯಾರಿಗೂ ಕೊಡಬ್ಯಾಡ."

"ಕೊಡೂದಿಲ್ಲ."

"ಚಾ ಇಡತಿಯೇನು ಆಕಿಗೆ?"

ನಾಗಿಗೆ ಸುಳ್ಳು ಹೇಳಲಾಗಲಿಲ್ಲ. "ಇಲ್ಲ. ಇನ್ನು ಇಡ್ತೆ."

ತಮ್ಮ ಮನೆಯ ಫೋನ್ ನಂಬರನ್ನು ಮಗಳಿಗೆ ಬರೆದುಕೊಟ್ಟು ಹೊರಟರು. ಬೀದಿಯ ತಿರುವಿನಲ್ಲಿ ನಾಗಿ ಅಭ್ಯಾಸದಂತೆ ತಿರುಗಿದಳು. ಕಸಬರಿಗೆ ಹಿಡಿದು ಹೊರಗೆ ಬಂದಿದ್ದ ಮಗಳ ಕೈಯಿಂದ, ಕಾಲೆಳೆದುಕೊಂಡು ಬಂದ ಫಕೀರಪ್ಪ ಅದನ್ನು ಕಸಿದುಕೊಳ್ಳುತ್ತಿದ್ದರು. "ಅವ್ರು ಸಮುದ್ರ ಮುಟ್ಟೂತನಕ ಕಸಾ ಹೊಡೀಬ್ಯಾಡ" ಎಂದದ್ದು ಅಷ್ಟು ದೂರಕ್ಕೂ ಕೇಳಿತು.

ಅಂದಿನಿಂದ ಎರಡನೇ ರೂಮಿಗೆ ದಿನಾ ಬೆಳಿಗ್ಗೆ ಒಂದು ಕಪ್ ಚಹಾ. ಚಹಾ ಹಾಗೇ ತಣ್ಣಗಾಗುತ್ತಿತ್ತು, ಸಂಜೆ ಗಿಡಕ್ಕೆ ಚೆಲ್ಲುವುದು. ಆಗಸ್ಟ್ ಕೊನೆಗೆ ದಸರೆಯ ಬುಕಿಂಗು ಬರತೊಡಗಿತು. ಮೂರೂ ರೂಮು ಬೇಕೆಂದು ಧಾರವಾಡದ ಹಳೆಯ ಗಿರಾಕಿಯೊಬ್ಬರು ಫೋನು ಮಾಡಿದಾಗ ಎತ್ತಿದ್ದು ದೇವಿದಾಸ. ನಾಗಿ ಅಡುಗೆಮನೆಯಿಂದಲೇ ಕಿವಿಗೊಟ್ಟಳು.

"ಎರಡೇ ಸಿಗ್ತದೆ ಸಾರ್" ಎಂದ ದೇವಿದಾಸ. ಆಚೆಯವರು ಏನೋ ಕೇಳಿದರು. "ಇಲ್ಲ ಸಾರ್, ರಿಪೇರಿ ಅಲ್ಲ. ಅದ್ರಲ್ಲಿ ಜನ ಉಂಟು."

ಚೌತಿ ಕಳೆದ ವಾರ. ರಾತ್ರಿಯಿಡೀ ಸುರಿದ ಮಳೆ ಬೆಳಕು ಹರಿಯುವಾಗ ನಿಂತಿತ್ತು. ನಾಗಿ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಕಸಬರಿಗೆ ಹಿಡಿದು ಎರಡನೇ ರೂಮಿನ ಬೀಗ ತೆಗೆದಳು.

ಹಾಸಿಗೆಯ ಹೊದಿಕೆಗೆ ಎರಡೂ ಬದಿ ಸುಕ್ಕು ಬಿದ್ದಿತ್ತು.

ನೆಲದ ಮೇಲೆ ಮರಳಿನ ಜಾಡು ಒಂದಲ್ಲ, ಎರಡು. ದಿನಾ ಕಾಣುತ್ತಿದ್ದ ಸಣ್ಣದರ ಪಕ್ಕದಲ್ಲಿ ಇನ್ನೊಂದು, ಒಂದು ಕಾಲು ಎಳೆದು ಹಾಕಿದಂತೆ ಅಗಲವಾದದ್ದು. ಎರಡೂ ಹೊಸಿಲಿಗೆ ಬಂದಿದ್ದವು. ಅಲ್ಲಿ ಒಂದಿಷ್ಟು ಹೊತ್ತು ನಿಂತಂತೆ ಮರಳು ಗುಪ್ಪೆಯಾಗಿತ್ತು. ಆಮೇಲೆ ಹೊಸಿಲು ದಾಟಿ, ಮೆಟ್ಟಿಲು ಒಂದು, ಎರಡು, ಮೂರು ಇಳಿದು, ಅಂಗಳದ ಒದ್ದೆ ನೆಲದಲ್ಲಿ ಕರಗಿಹೋಗಿದ್ದವು.

ನಾಗಿ ಕಸಬರಿಗೆಯನ್ನು ಮೊಳೆಗೆ ಸಿಕ್ಕಿಸಿದಳು. ಚಹಾ ಹಿಡಿದುಕೊಂಡೇ ಮೆಟ್ಟಿಲ ಪಕ್ಕದಲ್ಲಿ, ಜಾಡಿಗೆ ಸೀರೆ ತಾಗದಂತೆ ಕೂತಳು. ಮೀನು ತಂದ ದೇವಿದಾಸ ಅಂಗಳಕ್ಕೆ ಬಂದವನು ನಿಂತ. ಏಡಿ ಎನ್ನಲಿಲ್ಲ, ಗಾಳಿ ಎನ್ನಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದ.

ಆ ದಿನ ಮನೆ ಗುಡಿಸಲಿಲ್ಲ, ಮಾರನೆಯ ದಿನವೂ ಇಲ್ಲ. ಪ್ರಗತಿ ಕಾಲೇಜಿಗೆ ಹೊರಟವಳು, "ಆಯಿ, ಅಡುಗೆಮನೆ ಆದ್ರೂ ಗುಡಿಸು" ಎಂದಳು. ನಾಗಿ, "ದಾರಿಯಲ್ಲಿದ್ದಾರೆ" ಎಂದಷ್ಟೇ ಹೇಳಿದಳು.

ಮೂರನೆಯ ದಿನ ಮಧ್ಯಾಹ್ನ ಫೋನು ಬಂತು. ಫಕೀರಪ್ಪನವರ ಮಗಳು.

"ಅಪ್ಪ ಹೋದ್ರು ಅಕ್ಕಾರ. ಮೂರು ದಿನಾತು. ನಿಮಗ ತಿಳಸ್ರಿ ಅಂತ ಮೊದಲಽ ಹೇಳಿಟ್ಟಿದ್ರು." ಆಕೆ ಮುಂದುವರಿಸಿದಳು. "ನಸುಕಿನ್ಯಾಗ ಎದ್ದು ಕುಂತ್ರು. ಹಿಂದ ತಿರುಗಿ ಗ್ವಾಡಿ ಕಡೆ ನೋಡಿ 'ಹತ್ತಿದೇನು?' ಅಂದ್ರು. ಆಮ್ಯಾಲೆ 'ರೈಟ್' ಅಂದ್ರು. ಅಷ್ಟಽ."

ನಾಗಿ ರಿಸೀವರ್ ಇಟ್ಟು ಅತ್ತಳು. ಅತ್ತು ಮುಗಿದ ಮೇಲೆ ಮೊಳೆಯಿಂದ ಕಸಬರಿಗೆ ತೆಗೆದಳು. ಎರಡನೇ ರೂಮನ್ನು ನಿಧಾನವಾಗಿ ಗುಡಿಸಿ, ಆ ಮರಳನ್ನೂ ಲಕ್ಷ್ಮೇಶ್ವರಕ್ಕೆ ಹೋಗಿ ಬಂದ ಕರಟದ ಮರಳನ್ನೂ ಉಳಿದ ಕರಟಗಳದ್ದನ್ನೂ ಸೆರಗಿನಲ್ಲಿ ಸುರಿದುಕೊಂಡು ದಂಡೆಗೆ ಹೋದಳು. ಅಲೆ ಬಂದು ಕಾಲು ಮುಟ್ಟಿದಾಗ ಸೆರಗು ಬಿಟ್ಟಳು.

ದಸರೆಗೆ ಮೂರೂ ರೂಮು ತುಂಬಿದವು. ಎರಡನೆಯದರಲ್ಲಿ ಮಲಗಿದ ಧಾರವಾಡದ ದಂಪತಿ ಹಾಸಿಗೆಯ ಎರಡೂ ಬದಿಯನ್ನು ಮುದ್ದೆ ಮಾಡಿದ್ದರು. ನಾಗಿ ಹೊದಿಕೆ ಬಿಡಿಸುತ್ತ ಗೋಡೆ ಬದಿಯ ಸುಕ್ಕಿನ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿದಳು, ಬೆಚ್ಚಗಿತ್ತು. ಆ ರೂಮಿಗೆ ಒಂದು ಕಪ್ ಚಹಾ ಹೆಚ್ಚು ಒಯ್ಯುವ ಅಭ್ಯಾಸ ಮಾತ್ರ ಆ ಸೀಸನ್ನಿಡೀ ಹೋಗಲಿಲ್ಲ.

ಇನ್ನೊಂದು ಅಭ್ಯಾಸವೂ ಸೇರಿಕೊಂಡಿತು. ಅಂಗಳದಲ್ಲಿ ಎಷ್ಟೇ ವ್ಯಾನು ಹಾರ್ನು ಒತ್ತಲಿ, ಹೊರಟವರ ಹಿಂದೆ ನಾಗಿ ಬರಿಗೈಯಲ್ಲಿ ಬಾಗಿಲಿಗೆ ಬಂದು ನಿಲ್ಲುವಳು. ತಿರುಗಿ ರೂಮಿನೊಳಗೆ ಒಮ್ಮೆ ನೋಡುವಳು. ಒಂದು ಗಳಿಗೆ ಕಾಯುವಳು. ಆಮೇಲೆ ಡ್ರೈವರಿಗೆ "ರೈಟ್" ಎನ್ನುವಳು. ಗಾಡಿಯಲ್ಲಿದ್ದವರು ನಗುತ್ತಿದ್ದರು. ದೇವಿದಾಸ ನಗುತ್ತಿರಲಿಲ್ಲ.